ಗೂಬೆಯವರ ಗಮನಕ್ಕೆ

"ಓಪನ್ ಸೋರ್ಸ್ ಅಂದ್ರೆ, ಮೇಡಂ, ಒಂದು ಅಡುಗೆ ಅಂತ ಇಟ್ಕೊಳ್ಳಿ," ಎಂದ ಅವನು.

ಅವಳು ಇಟ್ಟುಕೊಳ್ಳಲಿಲ್ಲ. ಸೋರ್ಸ್ ಕೋಡ್ ವಿವರಿಸಲು ಕೂತವರೆಲ್ಲ ನೆಟ್ಟಗೆ ಅಡುಗೆಮನೆಗೇ ನುಗ್ಗುತ್ತಾರೆ. ಎದುರಿಗೆ ಹೆಂಗಸು ಕೂತಿದ್ದರಂತೂ ಮುಗಿಯಿತು, ಒಲೆ ಹಚ್ಚಿಯೇ ತೀರುತ್ತಾರೆ.

"ಯಾರು ಬೇಕಾದ್ರೂ ಮಾಡಬಹುದು, ರುಚಿ ಬದಲಾಯಿಸಬಹುದು, ಮಾರಲೂಬಹುದು. ಆದ್ರೆ ಕೊಂಡೋರು ಬಂದು, ಹೇಗೆ ಮಾಡಿದ್ರಿ ಅಂತ ಕೇಳಿದ್ರೆ, ಹೇಳಿಕೊಡಬೇಕು. ಅಷ್ಟೇ ಲೈಸೆನ್ಸು."

"ಅಷ್ಟೇನಾ?"

"ಒಳಗೆ ತುಂಬಾ ಕಲಂಗಳಿವೆ. ನಿಮಗ್ಯಾಕೆ ತಲೆನೋವು."

ಓದುವ ಯಂತ್ರ ಮಾರುವ ಕಂಪನಿಯೊಂದರ ಆ ಗಾಜಿನ ಗೋಡೆಯ ಪುಟ್ಟ ಕೋಣೆಯಲ್ಲಿ ಒಂದು ಬಿಳಿ ಬೋರ್ಡಿತ್ತು. ಅದರ ಮೇಲೆ ಹಿಂದಿನ ಮೀಟಿಂಗಿನವರು ಅರ್ಧ ಅಳಿಸಿ ಬಿಟ್ಟ ಬಾಣಗಳಿದ್ದವು. ಬಾಣಗಳ ನಡುವೆ ಅವನು ಒಂದು ಪಾತ್ರೆಯ ಚಿತ್ರ ಬರೆಯಲು ಹೊರಟ. ಮಾರ್ಕರ್ ಒಣಗಿತ್ತು, ಪಾತ್ರೆಗೆ ತಳ ಬರಲಿಲ್ಲ. ಮೂವತ್ತೆರಡು ಮೂವತ್ತಮೂರರ ಪ್ರಾಯ, ಇಸ್ತ್ರಿ ಮಾಡಿದ ಅಂಗಿ, ಜೇಬಿನ ಕೆಳಗೆ ಶಾಯಿಯ ಕಲೆ, ಕಂಕುಳಲ್ಲಿ ಒಂದು ಫೈಲು. ಚಿತ್ರ ಬರೆಯುವಾಗಲೂ ಫೈಲನ್ನು ಕೆಳಗಿಡಲಿಲ್ಲ ಪುಣ್ಯಾತ್ಮ. ಅವಳು ಆಗಲೇ ಮನಸ್ಸಿನಲ್ಲಿ ಅವನಿಗೆ ಫೈಲು ಎಂದು ನಾಮಕರಣ ಮಾಡಿ ಮುಗಿಸಿದ್ದಳು.

ಇದು ಪ್ರೇಮ ಕಥೆ ಎಂದು ಈಗಲೇ ಹೇಳಿಬಿಡುವುದು ಕ್ಷೇಮ. ಆ ಮಧ್ಯಾಹ್ನ ಅವಳ ಮುಖ ನೋಡಿದವರು ಯಾರೂ ಅದನ್ನು ನಂಬುತ್ತಿರಲಿಲ್ಲ.

ಅವಳ ತಾತ್ಸಾರಕ್ಕೆ ಕಾರಣವಿತ್ತು. ಅವನು ವಿವರಿಸುತ್ತಿದ್ದ ಅಡುಗೆ ಅವಳದೇ.

ಏಳು ವರ್ಷದ ಹಿಂದೆ ಅವಳ ಅಪ್ಪನ ಕಣ್ಣು ಮಂಜಾಗತೊಡಗಿತು. ಅಪ್ಪ ಮುದ್ರಣಾಲಯದಲ್ಲಿ ನಲವತ್ತು ವರ್ಷ ಕರಡು ತಿದ್ದಿದ ಮನುಷ್ಯ. ಓದುವುದು ಬಿಟ್ಟರೆ ಅವರಿಗೆ ಬೇರೆ ಚಟ ಇರಲಿಲ್ಲ. ಮಗಳದು ರಿಪೇರಿ ಅಂಗಡಿ. ಮಿಕ್ಸಿ, ರೇಡಿಯೊ, ಫ್ಯಾನು, ಯಾವುದು ಬಂದರೂ ಬಿಚ್ಚಿ ಕೂರುತ್ತಿದ್ದಳು. ಅದರ ಮಧ್ಯೆಯೇ ಪ್ರೋಗ್ರಾಮ್ ಬರೆಯುವುದನ್ನು ಕಲಿತು, ಅಚ್ಚಾದ ಕಾಗದವನ್ನು ನೋಡಿ ಗಟ್ಟಿಯಾಗಿ ಓದುವ ಒಂದು ಪ್ರೋಗ್ರಾಮ್ ಬರೆದಳು. ಬರೆದದ್ದನ್ನು ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಬಿಟ್ಟಳು. ಹೆಸರಿನ ಜಾಗದಲ್ಲಿ ಗೂಬೆ ಎಂದು ಹಾಕಿದಳು. ಬಿಚ್ಚಿದ ರೇಡಿಯೊ ಮುಂದೆ ಕಣ್ಣರಳಿಸಿ ಕೂತ ಮಗಳನ್ನು ಅಪ್ಪ ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರದು.

ಬಿಡುವ ಮುಂಚೆ ಹದಿನಾಲ್ಕು ಲೈಸೆನ್ಸ್ ಓದಿದ್ದಳು. ಕೆಲವು ಧಾರಾಳದವು, ತಗೊಳ್ಳಿ, ಏನು ಬೇಕಾದರೂ ಮಾಡಿಕೊಳ್ಳಿ, ಬರೆದವರ ಹೆಸರೊಂದು ಇಟ್ಟಿರಿ ಎನ್ನುತ್ತಿದ್ದವು. ಅವಳು ಆರಿಸಿದ್ದು ಮಹಾ ಬಿಗಿ. ಬರೆದವರ ಹೆಸರು ಅಳಿಸಬಾರದು. ತಿದ್ದಿದರೆ ಎಲ್ಲಿ, ಯಾವತ್ತು ತಿದ್ದಿದಿರಿ ಎಂದು ಬರೆದಿಡಬೇಕು. ಪ್ರೋಗ್ರಾಮನ್ನು ಯಾರಿಗೆ ಕೊಡುತ್ತೀರೋ ಅವರಿಗೆ ಅದರ ಮೂಲ ಬರಹವಾದ ಸೋರ್ಸ್ ಕೋಡನ್ನೂ, ಅದನ್ನು ಯಂತ್ರಕ್ಕೆ ಕೂರಿಸುವ ಸ್ಕ್ರಿಪ್ಟನ್ನೂ ಕೊಡಬೇಕು. ನಿಮಗೆ ಸಿಕ್ಕ ಸ್ವಾತಂತ್ರ್ಯ ಅವರಿಗೂ ಸಿಗಬೇಕು, ಮೇಲೆ ನಿಮ್ಮದೊಂದು ಹೊಸ ಷರತ್ತು ಹೇರಬಾರದು. ಇಷ್ಟರಲ್ಲಿ ಒಂದು ಮುರಿದರೂ ನಿಮ್ಮ ಹಕ್ಕು ಅಲ್ಲಿಗೇ ಖತಂ. ಜನರ ಮೇಲೆ ಅವಳಿಗೆ ಆಗಲೂ ನಂಬಿಕೆ ಅಷ್ಟಕ್ಕಷ್ಟೇ.

ಎರಡು ವರ್ಷದ ಹಿಂದೆ ಚಿಕ್ಕಪ್ಪ ಅಪ್ಪನಿಗೊಂದು ಓದುವ ಪೆಟ್ಟಿಗೆ ತಂದುಕೊಟ್ಟರು. ಈ ಕಂಪನಿಯದೇ. ಅಪ್ಪ ಒಂದು ಗಂಟೆ ಕೇಳಿ, "ಪುಟ್ಟಿ, ತಪ್ಪು ತಿಳ್ಕೋಬೇಡ. ನಿಂದು ಓದಲ್ಲ, ಓಡುತ್ತೆ. ಇದು ಓದುತ್ತೆ," ಎಂದರು.

ಅವಳು ರಟ್ಟಿನ ಡಬ್ಬಿಯ ತಳ ಕೆದಕಿದಳು. ಇರುವೆ ಗಾತ್ರದ ಅಕ್ಷರದ ಚೀಟಿಯೊಂದು ಸಿಕ್ಕಿತು. ಈ ಯಂತ್ರದಲ್ಲಿ ಗೂಬೆ ಎಂಬುವರ ಪ್ರೋಗ್ರಾಮ್ ಬಳಸಲಾಗಿದೆ, ಮೂರು ವರ್ಷದ ಒಳಗೆ ಯಾರೇ ಕೇಳಿದರೂ ಸೋರ್ಸ್ ಕೋಡ್ ಕೊಡಲಾಗುವುದು. ಅಂದರೆ ಪೆಟ್ಟಿಗೆಯೊಳಗಿದ್ದದ್ದು ಅವಳದೇ ಪ್ರೋಗ್ರಾಮ್. ಆದರೆ ಯಾರೋ ಅದಕ್ಕೆ ನಿಲ್ಲುವುದನ್ನು ಕಲಿಸಿದ್ದರು. ವಾಕ್ಯದ ನಡುವೆ ಅದು ಒಂದು ಕ್ಷಣ ತಡೆದು, ಮತ್ತೆ ಹೊರಡುತ್ತಿತ್ತು. ಅವಳಿಗೆ ಹೊಟ್ಟೆಕಿಚ್ಚಿನಿಂದ ನಾಲ್ಕು ದಿನ ಅನ್ನ ಸೇರಲಿಲ್ಲ.

ಹೋದ ತಿಂಗಳು ಕಂಪನಿ ಒಂದು ಅಪ್‌ಡೇಟ್ ಕಳಿಸಿತು. ಆವತ್ತಿನಿಂದ ಪೆಟ್ಟಿಗೆ ಹತ್ತು ನಿಮಿಷ ಓದಿ ಗಪ್‌ಚುಪ್. ಫೋನ್ ಮಾಡಿದರೆ ಹೊಸ ಮಾಡೆಲ್ ತಗೊಳ್ಳಿ ಎಂದರು. ಅಪ್ಪ ಬೆಳಗಿನಿಂದ ಸಂಜೆಯವರೆಗೆ ಕೈ ಮಡಿಲಲ್ಲಿಟ್ಟುಕೊಂಡು ಕೂರತೊಡಗಿದರು. ಅದನ್ನು ನೋಡುವುದು ಅವಳಿಂದ ಆಗುತ್ತಿರಲಿಲ್ಲ. ಸೋರ್ಸ್ ಸಿಕ್ಕರೆ ಅವಳೇ ಸರಿಮಾಡುತ್ತಿದ್ದಳು. ಅದಕ್ಕೇ ಚೀಟಿ ಹಿಡಿದು ಇಲ್ಲಿಗೆ ಬಂದಿದ್ದು. ಅದಕ್ಕೇ ಈ ತಳವಿಲ್ಲದ ಪಾತ್ರೆಯನ್ನು ಸಹಿಸಿಕೊಂಡಿದ್ದು.

"ಒಂದು ವಾರ ಟೈಮ್ ಕೊಡಿ, ಮೇಡಂ. ನಾನೇ ನಿಮ್ಮ ಅಂಗಡಿಗೆ, ತಂದುಕೊಡ್ತೀನಿ."

"ನಿಮ್ಮ ಕಂಪನಿಯಲ್ಲಿ ಲೈಸೆನ್ಸ್ ಗೊತ್ತಿರೋರು ಬೇರೆ ಯಾರೂ ಇಲ್ವಾ?"

"ನಾನೊಬ್ಬನೇ," ಎಂದ ಹೆಮ್ಮೆಯಿಂದ.

"ಹಾಗೇ ಅನ್ನಿಸ್ತು."

ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವಾಗ ಅವನು ಇನ್ನೂ ಅಲ್ಲೇ ನಿಂತಿದ್ದ. ಹೊಗಳಿಕೆಯೋ ಬೈಗುಳವೋ ತಿಳಿಯದೆ ಹುಬ್ಬು ಗಂಟಿಕ್ಕಿದ್ದ. ಆ ಮುಖ ಕೆಳಗಿನ ಮಹಡಿ ತಲುಪುವವರೆಗೂ ಅವಳ ಕಣ್ಣಮುಂದೆ ಇತ್ತು. ಅವಳಿಗೆ ಅದರಿಂದಲೂ ಸಿಟ್ಟು ಬಂತು.

ಹೇಳಿದಂತೆ ಎಂಟನೇ ದಿನ ಬಂದ. ಅಂಗಡಿ ಮಹಡಿಯ ಮೇಲಿತ್ತು, ಮೆಟ್ಟಿಲು ಇಪ್ಪತ್ತಾರು. ಬಾಗಿಲಲ್ಲಿ ನಿಂತು ಒಂದು ಕೈಯನ್ನು ಚೌಕಟ್ಟಿಗೆ ಕೊಟ್ಟು ಉಸಿರು ತಹಬಂದಿಗೆ ತಂದುಕೊಂಡ. ಇನ್ನೊಂದು ಕೈಯಲ್ಲಿ ಫೈಲು ಭದ್ರ.

"ಮೆಟ್ಟಿಲು ಹತ್ತೋಕೂ ಲೈಸೆನ್ಸ್ ಬೇಕೇನ್ರೀ ನಿಮಗೆ?" ಎಂದಳು ಮಿಕ್ಸಿಯಿಂದ ತಲೆ ಎತ್ತದೆ.

"ಚಿಕ್ಕಂದಿನಿಂದ ದಮ್ಮು, ಮೇಡಂ." ಅವನು ನಕ್ಕ. "ಸೋರ್ಸ್ ತಂದಿದೀನಿ. ಪೂರ್ತಿ, ನಾನೇ ಕೂತು ಜೋಡಿಸಿದ್ದು. ಯಂತ್ರಕ್ಕೆ ಕೂರಿಸೋ ಸ್ಕ್ರಿಪ್ಟೂ, ಒಳಗೇ ಇದೆ. ಅದಿಲ್ದೆ ಕೊಟ್ರೆ, ಕೊಟ್ಟ ಹಾಗಲ್ಲ."

ಅದು ಸರಿಯಾದ ಮಾತು. ಬಹಳ ಕಂಪನಿಗಳು ಸೋರ್ಸ್ ಎಂದು ಏನೋ ಒಂದು ಮೂಟೆ ಎಸೆದು, ಕೂರಿಸುವ ಸ್ಕ್ರಿಪ್ಟನ್ನು ಮೆತ್ತಗೆ ಬಚ್ಚಿಟ್ಟುಕೊಳ್ಳುತ್ತವೆ. ಅವಳು ಮೊದಲ ಸಲ ಅವನನ್ನು ಸರಿಯಾಗಿ ನೋಡಿದಳು. ಅವನೂ ನೋಡುತ್ತಿದ್ದ. ಅವಳ ಕೆನ್ನೆಗೆ ಗ್ರೀಸ್ ಹತ್ತಿರುವುದನ್ನು ಹೇಳಲೋ ಬೇಡವೋ ಎಂಬ ಸಂದಿಗ್ಧದಲ್ಲಿ ಅವನ ಕಣ್ಣು ಆ ಕಲೆಗೂ ನೆಲಕ್ಕೂ ಎರಡು ಸಲ ಓಡಾಡಿತು.

ಅಷ್ಟರಲ್ಲಿ ಒಳಕೋಣೆಯಿಂದ ಅಪ್ಪನ ದನಿ ಬಂತು. "ಪುಟ್ಟಿ, ಪೆಟ್ಟಿಗೆ ಸರಿಹೋಯ್ತಾ?"

"ಇಲ್ಲಪ್ಪ. ಕಂಪನಿಯೋರು ಯಾರೋ ಬಂದಿದಾರೆ."

"ಓದ್ತಾ ಇತ್ತಲ್ಲಮ್ಮ ಈಗ?"

"ಓದಿಲ್ಲ, ಇವ್ರು ಮಾತಾಡಿದ್ದು."

ಅಪ್ಪ ಗೋಡೆ ಸವರಿಕೊಂಡು ಬಾಗಿಲಿಗೆ ಬಂದರು. "ಇನ್ನೊಂದ್ಸಲ ಮಾತಾಡಿ ಸ್ವಾಮಿ."

"ಏನು ಮಾತಾಡ್ಲಿ ಸರ್, ನಾನು ಕಂಪನಿಯಿಂದ, ಸೋರ್ಸ್ ಕೊಡೋಕೆ ಬಂದೆ."

"ದನಿ ಬೇರೆ," ಎಂದರು ಅಪ್ಪ. "ನಿಲ್ಲೋದು ಅದೇ."

ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. ಎರಡು ವರ್ಷ ಅವಳು ಹಗಲೂ ಇರುಳೂ ಹೊಟ್ಟೆಕಿಚ್ಚು ಪಟ್ಟಿದ್ದು ಈ ಫೈಲಿನ ಮೇಲೆ. ಪೆಟ್ಟಿಗೆಗೆ ನಿಲ್ಲುವುದನ್ನು ಕಲಿಸಿದ್ದು ನೀವೇನಾ ಎಂದು ಕೇಳಿದಾಗ ಅವನ ಕಿವಿ ಕೆಂಪಾಯಿತು. ಎಲ್ಲಿ ನಿಲ್ಲಬೇಕೆಂದು ಯಾರಿಗೂ ಗೊತ್ತಿರಲಿಲ್ಲವಂತೆ. ಆಫೀಸಿನಲ್ಲಿ ಖಾಲಿ ಡಬ್ಬಿಗಳನ್ನು ತುಂಬಿಡುವ ಕೋಣೆಯಲ್ಲಿ ಇವನು ನಾಲ್ಕು ತಿಂಗಳು ಕೂತು ಪತ್ರಿಕೆಗಳನ್ನು ಗಟ್ಟಿಯಾಗಿ ಓದಿದನಂತೆ. ಉಸಿರು ಎಲ್ಲೆಲ್ಲಿ ಸಾಲದೆ ಬಂತೋ ಅಲ್ಲಲ್ಲಿ ಪೆನ್ಸಿಲ್ಲಿನಿಂದ ಗೆರೆ ಹಾಕಿದನಂತೆ.

"ಅಂದ್ರೆ ಪೆಟ್ಟಿಗೆಗೂ ನಿಮ್ಮದೇ ದಮ್ಮು ಅಂಟಿಸಿದೀರಿ."

"ಸ್ವಲ್ಪ ಜಾಸ್ತಿ ಆಯ್ತು ಅಂತ ಬಾಸ್ ಬೈದ್ರು."

"ಬಾಸ್‌ಗೆ ಏನು ಗೊತ್ತು ಮಣ್ಣು," ಎಂದುಬಿಟ್ಟಳು. ಅಂದ ಮೇಲೆ, ತಾನು ಯಾರ ಪರ ಮಾತಾಡಿದೆ ಎಂದು ಹೊಳೆದು, ಮಿಕ್ಸಿಯ ಒಂದು ಸ್ಕ್ರೂವನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ತಿರುಗಿಸಿದಳು.

ಅವನಿಗೆ ಧೈರ್ಯ ಬಂತು. ಗಂಡಸರಿಗೆ ಧೈರ್ಯ ಬಂದರೆ ಏನಾದರೊಂದು ಕೆಡಿಸುತ್ತಾರೆ. ಇವನು ಫೈಲು ತೆರೆದ. ಒಳಗಿಂದ ಒಂದು ಹಾಳೆ ತೆಗೆದು ಕೌಂಟರಿನ ಮೇಲೆ, ಮಿಕ್ಸಿಯ ಪಕ್ಕ ಇಟ್ಟ. "ಇಲ್ಲೊಂದು ಸೈನ್ ಬೇಕು, ಮೇಡಂ. ಈ ಸೋರ್ಸ್ ಬೇರೆ ಯಾರಿಗೂ ಕೊಡಲ್ಲ ಅಂತ. ಬಾಸ್ ಹೇಳಿದ್ರು, ಡ್ರಾಫ್ಟ್ ನಂದೇ. ತುಂಬಾ ಸಿಂಪಲ್ಲಾಗಿ ಬರೆದಿದೀನಿ."

ಅವಳು ಓದಿದಳು. ಎರಡನೇ ಸಲ ಓದಿದಳು. ಐದು ನಿಮಿಷದ ಹಿಂದೆ ಈ ಮನುಷ್ಯನನ್ನು ಒಳ್ಳೆಯವನು ಎಂದುಕೊಂಡಿದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು.

"ಲೈಸೆನ್ಸ್ ಗೊತ್ತಿರೋನು ನಾನೊಬ್ಬನೇ ಅಂದ್ರಿ ಅಲ್ವಾ. ಆರನೇ ಕಲಂ ಹೇಳಿ."

"ಆರನೇದು, ಅದು, ಪಡೆದವರಿಗೂ ಅದೇ ಹಕ್ಕು ಇರುತ್ತೆ. ಕೊಡೋರು ಮೇಲೆ ಬೇರೆ ನಿರ್ಬಂಧ..." ಅವನು ನಿಂತ. ಈ ಸಲ ಉಸಿರಿಗಾಗಿ ಅಲ್ಲ.

"ಹೇಳಿ ಹೇಳಿ. ಚೆನ್ನಾಗಿ ಬರ್ತಾ ಇದೆ."

"...ಹಾಕೋ ಹಾಗಿಲ್ಲ."

"ನಾಲ್ಕನೇದು?"

"ಮುರಿದ್ರೆ ಹಕ್ಕು ತಾನಾಗೇ ಹೋಗುತ್ತೆ." ಅವನ ದನಿ ಈಗ ಅವನಿಗೆ ಮಾತ್ರ ಕೇಳಿಸುವಷ್ಟಿತ್ತು. "ಆದ್ರೆ ಇದು ಬರೀ ಒಂದು ಫಾರಂ, ಮೇಡಂ."

"ಸೈನ್ ಹಾಕಿದ್ರೆ ಮಾತ್ರ ಸೋರ್ಸ್ ಕೊಡ್ತೀನಿ ಅನ್ನೋ ಫಾರಂ. ಆ ಪ್ರೋಗ್ರಾಮ್ ಹಾಕಿ ಇನ್ನೊಂದು ಪೆಟ್ಟಿಗೆ ಮಾರೋ ಹಕ್ಕು ನಿಮ್ಮ ಕಂಪನಿಗೆ ಈಗ ಇಲ್ಲ. ಅದನ್ನ ವಾಪಸ್ ಕೊಡಬೇಕಾದೋರು, ಬರೆದೋರು ಒಬ್ಬರೇ."

"ಗೂಬೆಯವರು," ಎಂದ ಅವನು ಮೆಲ್ಲಗೆ, ದೊಡ್ಡ ಗುರುಗಳ ಹೆಸರು ಹೇಳುವಷ್ಟು ಗೌರವದಿಂದ. "ಅವರನ್ನ ಎಲ್ಲಿ ಅಂತ ಹುಡುಕೋದು? ಯಾರೋ ರಿಟೈರ್ ಆದ ಪ್ರೊಫೆಸರ್ ಇರಬೇಕು."

ಒಳಬಾಗಿಲಲ್ಲಿ ನಿಂತಿದ್ದ ಅಪ್ಪ ಕೆಮ್ಮಿದರು. ಅದು ಕೆಮ್ಮಲ್ಲ, ನಗು.

"ನಿಮ್ಮೆದುರಿಗೇ ಮಿಕ್ಸಿ ಬಿಚ್ಚಿಕೊಂಡು ನಿಂತಿದಾರೆ," ಎಂದಳು ಅವಳು.

ಈ ಮುಖವನ್ನು ನೋಡಲಿಕ್ಕೆಂದೇ ಅವಳು ಎಂಟು ದಿನ ಗುಟ್ಟನ್ನು ಎತ್ತಿಟ್ಟಿದ್ದಳು. ನೋಡಿದಳು. ಮೊದಲು ಬಣ್ಣ ಹೋಯಿತು, ಆಮೇಲೆ ಬಾಯಿ ತೆರೆದುಕೊಂಡಿತು. ಆಮೇಲೆ, ಇದು ಮಾತ್ರ ಅವಳ ಲೆಕ್ಕದಲ್ಲಿ ಇರಲಿಲ್ಲ, ಅವನ ಕಣ್ಣು ತುಂಬಿಕೊಂಡಿತು.

"ನಿಮಗೆ ನಾನು ಅಡುಗೆ ಅಂತ ವಿವರಿಸಿದೆ," ಎಂದ.

"ಪಾತ್ರೆಗೆ ತಳ ಇರಲಿಲ್ಲ."

ಅವನು ಫಾರಂ ತೆಗೆದುಕೊಂಡು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿದ. ಸೋರ್ಸ್ ತುಂಬಿದ್ದ ಪೆನ್‌ಡ್ರೈವನ್ನು ಕೌಂಟರಿನ ಮೇಲಿಟ್ಟ. "ಸೈನ್ ಇಲ್ದೆ ಕೊಟ್ರೆ ಕೆಲಸದಿಂದ ತೆಗೀತೀನಿ, ಅಂದಿದಾರೆ ಬಾಸ್. ಪರವಾಗಿಲ್ಲ. ಇದು ನಿಮ್ಮದು."

"ನಾಟಕ ಬೇಡ."

"ನಾಟಕ ಅಲ್ಲ, ಗೂಬೆಯವರೇ," ಎಂದು ಹೇಳಿ ಅವನು ಮೆಟ್ಟಿಲಿಳಿದು ಹೋದ.

ಗೂಬೆಯವರೇ. ಇವತ್ತಿನವರೆಗೆ ಜನ್ಮದಲ್ಲಿ ಯಾರೂ ಆ ಪದಕ್ಕೆ ಬಹುವಚನ ಹಚ್ಚಿದ್ದನ್ನು ಅವಳು ಕೇಳಿರಲಿಲ್ಲ.

ಪೆಟ್ಟಿಗೆಯ ರೋಗ ಹುಡುಕಲು ಅರ್ಧ ದಿನ ಸಾಕಾಯಿತು. ಯಾರು ಎಷ್ಟು ಹೊತ್ತು ಕೇಳಿದರು, ಎಲ್ಲಿ ಬಿಟ್ಟರು ಎಂದು ಗುಟ್ಟಾಗಿ ಬರೆದಿಡುವ ಒಂದು ತುಂಡನ್ನು ಹೊಸ ಅಪ್‌ಡೇಟಿನಲ್ಲಿ ತುರುಕಿದ್ದರು. ಬರೆದು ಬರೆದು ಅದೇ ಜಾಗವನ್ನೆಲ್ಲ ನುಂಗಿ ಪೆಟ್ಟಿಗೆಯ ಬಾಯಿ ಕಟ್ಟುತ್ತಿತ್ತು. ಕುರುಡರು ಓದುವುದನ್ನೂ ಕದ್ದು ನೋಡುವ ಜನ. ತುಂಡಿನ ಮೇಲೆ ಬಾಸ್‌ನ ಹೆಸರೇ ಇತ್ತು. ಅವಳು ಅದನ್ನು ಕಿತ್ತೆಸೆದಳು. ಅಪ್ಪನ ಪೆಟ್ಟಿಗೆ ಹನ್ನೊಂದನೇ ನಿಮಿಷವನ್ನು ದಾಟಿತು, ಗಂಟೆ ದಾಟಿತು. ಅಪ್ಪ ಬೆರಳಿನಿಂದ ಕುರ್ಚಿಯ ಕೈ ತಟ್ಟುತ್ತಾ ಕೇಳುತ್ತ ಕೂತರು.

ಅಲ್ಲಿಗೆ ಅವಳ ಕೆಲಸ ಮುಗಿದಿತ್ತು. ಆದರೂ ಅವಳು ಸೋರ್ಸನ್ನು ಮುಚ್ಚಲಿಲ್ಲ. ಶತ್ರುವಿನ ತಪ್ಪು ಎಣಿಸುವ ಆಸೆ, ಅಷ್ಟೇ ಎಂದು ತನಗೇ ಹೇಳಿಕೊಂಡಳು.

ತಿದ್ದಿದರೆ ಬರೆದಿಡಬೇಕು ಎಂಬುದು ಲೈಸೆನ್ಸಿನ ಷರತ್ತು. ಎಲ್ಲರೂ ಒಂದು ದಿನಾಂಕ ಗೀಚಿ ಕೈ ತೊಳೆದುಕೊಳ್ಳುತ್ತಾರೆ. ಇವನು ಕಾಗದ ಬರೆದಿದ್ದ.

"ಗೂಬೆಯವರ ಗಮನಕ್ಕೆ. ಇಲ್ಲಿ ತಮ್ಮ ಪ್ರೋಗ್ರಾಮ್ ಅಲ್ಪವಿರಾಮವನ್ನು ಹಾರಿಕೊಂಡು ಹೋಗುತ್ತದೆ. ತಡೆದು ನಿಲ್ಲಿಸಿದ್ದೇನೆ. ಬದಲಾವಣೆಯ ದಿನ ಮಾರ್ಚ್ ಹನ್ನೊಂದು. ಕೋಪ ಬೇಡ."

"ಯಾಕೆ ಬೇಡ," ಎಂದಳು ಪರದೆಗೆ.

"ಗೂಬೆಯವರ ಗಮನಕ್ಕೆ. ಈ ಭಾಗ ಎಷ್ಟು ಚೆನ್ನಾಗಿದೆ ಎಂದರೆ ಮುಟ್ಟಲು ಮನಸ್ಸು ಬರಲಿಲ್ಲ. ಬಾಸ್ ಮುಟ್ಟು ಎಂದರು. ಒಂದು ಸಾಲು ಮಾತ್ರ ಮುಟ್ಟಿದ್ದೇನೆ, ಜೂನ್ ಎರಡು."

"ಆ ಒಂದು ಸಾಲೂ ತಪ್ಪು," ಎಂದಳು. ತಪ್ಪಾಗಿರಲಿಲ್ಲ.

ನೂರಾ ನಲವತ್ತು ಟಿಪ್ಪಣಿಗಳಿದ್ದವು. ಒಂದೊಂದಕ್ಕೂ ಒಂದೊಂದು ಕುಹಕ ಹುಡುಕಿ ಹುಡುಕಿ ಅವಳಿಗೆ ಸುಸ್ತಾಯಿತು. ನೂರಾ ಏಳನೆಯದು ಹೀಗಿತ್ತು: "ಗೂಬೆಯವರ ಗಮನಕ್ಕೆ. ಇವತ್ತು ಏನೂ ಬದಲಾಯಿಸಿಲ್ಲ. ತಾವು ಬರೆದದ್ದನ್ನು ಮತ್ತೊಮ್ಮೆ ಓದಿದೆ, ಅಷ್ಟೇ. ಆಗಸ್ಟ್ ಇಪ್ಪತ್ತು."

ಬದಲಾಯಿಸದೆ ಇದ್ದರೆ ಟಿಪ್ಪಣಿ ಬರೆಯಬೇಕೆಂದು ಯಾವ ಲೈಸೆನ್ಸಿನಲ್ಲೂ ಇಲ್ಲ. ಅವಳು ಹದಿನಾಲ್ಕನ್ನೂ ಓದಿದ್ದಳು, ಇಲ್ಲ. ಆ ಸಾಲಿಗೆ ಕುಹಕ ಸಿಗಲಿಲ್ಲ. ಅವಳು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದಳು, ಮತ್ತೆ ಒರೆಸಿದಳು, ಮೂರ್ಖಳೇ ಎಂದು ತನ್ನನ್ನು ತಾನೇ ಬೈದುಕೊಂಡಳು. ಅವನು ಬೇಕು ಅನಿಸುತ್ತಿತ್ತು. ಅವನ ಬಡಪಾಯಿ ಫೈಲು, ಅರ್ಧಂಬರ್ಧ ಉಸಿರು, ಎಲ್ಲವೂ ಬೇಕು ಅನಿಸುತ್ತಿತ್ತು.

ಮರುದಿನ ಬಾಸ್‌ನ ಪತ್ರ ಬಂತು. ಒಂದೂವರೆ ಪುಟ ಬರೀ ಬೆಣ್ಣೆ. ತಮ್ಮಂಥ ಪ್ರತಿಭಾವಂತರು, ಸಣ್ಣದೊಂದು ಅಚಾತುರ್ಯ, ಸಂಬಂಧಪಟ್ಟ ನೌಕರನ ಮೇಲೆ ಕ್ರಮ. ಹಕ್ಕನ್ನು ಮರಳಿ ದಯಪಾಲಿಸಿದರೆ ಮಾತ್ರ ಆ ನೌಕರನನ್ನು ಉಳಿಸಿಕೊಳ್ಳುವ ಬಗ್ಗೆ ಯೋಚಿಸಬಹುದು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವಳ ಹಲ್ಲು ಕಟಕಟ ಎನ್ನುತ್ತಿತ್ತು.

"ಮುಗಿಸಿಬಿಡಬಹುದು ಇವನನ್ನ," ಎಂದಳು ಅಪ್ಪನಿಗೆ. "ನಾನು ಸುಮ್ಮನಿದ್ರೆ ಸಾಕು. ಅಂಗಡಿ ಮುಚ್ಚಿಕೊಂಡು ಹೋಗ್ತಾನೆ."

"ಆ ಹುಡುಗ?"

ಅವಳು ಪತ್ರವನ್ನು ಮಡಿಚಿ ಮಿಕ್ಸಿಯ ಕೆಳಗೆ ತಳ್ಳಿದಳು.

"ಕರಡು ತಿದ್ದೋವಾಗ ನಮಗೊಂದು ಅಭ್ಯಾಸ ಇತ್ತು, ಪುಟ್ಟಿ," ಎಂದರು ಅಪ್ಪ. "ಬರೆದೋನ ಮೇಲೆ ಎಷ್ಟೇ ಕೋಪ ಇರ್ಲಿ, ತಪ್ಪಿರೋ ಕಡೆ ಮಾತ್ರ ಗೆರೆ ಎಳೀತಿದ್ವಿ."

ಅವಳು ಬಾಸ್‌ಗೆ ನಾಲ್ಕು ಸಾಲು ಬರೆದಳು. ಫಾರಂ ಇನ್ನು ಮುಂದೆ ಯಾರಿಗೂ ಕೊಡತಕ್ಕದ್ದಲ್ಲ. ಯಾರು ಕೇಳಿದರೂ ಸ್ಕ್ರಿಪ್ಟಿನ ಸಮೇತ ಸೋರ್ಸ್ ಕೊಡತಕ್ಕದ್ದು. ಕದ್ದು ಬರೆದಿಡುವ ತುಂಡನ್ನು ಏಕೆ ಹಾಕಿದಿರೆಂದು ನಿಮ್ಮ ಗಿರಾಕಿಗಳಿಗೆ ನೀವೇ ವಿವರಿಸತಕ್ಕದ್ದು. ಹಕ್ಕು ಮರಳಿ ಕೊಟ್ಟಿದ್ದೇನೆ. ಕೆಳಗೆ ಗೂಬೆ ಎಂದು ರುಜು ಹಾಕಿ ಅಂಚೆಗೆ ಹಾಕಿಬಂದಳು. ಫೈಲಿನ ಬಗ್ಗೆ ಒಂದಕ್ಷರವನ್ನೂ ಬರೆಯಲಿಲ್ಲ. ಬರೆದರೆ ಅವನು ಉಪಕಾರದ ಭಾರ ಹೊತ್ತುಕೊಂಡು ಬರುತ್ತಾನೆ. ಆ ಥರ ಬರುವುದಾದರೆ ಬರುವುದೇ ಬೇಡ.

ಐದು ದಿನ ಬರಲಿಲ್ಲ. ಐದು ದಿನವೂ ಅವಳು ಬಾಗಿಲಿಗೆ ಮುಖ ಮಾಡಿ ಕೂತು ಕೆಲಸ ಮಾಡಿದಳು. ಬೆಳಕು ಆ ಕಡೆಯಿಂದ ಚೆನ್ನಾಗಿ ಬರುತ್ತದೆ ಎಂದು ಅಪ್ಪನಿಗೆ ಹೇಳಿದಳು. ಅಪ್ಪನಿಗೆ ಬೆಳಕಿನ ವಿಷಯ ಹೇಳಿ ಏನು ಪ್ರಯೋಜನ.

ಶನಿವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ನಡುವೆ ಎರಡು ಸಲ ನಿಂತು, ಮತ್ತೆ ಹತ್ತಿತು. ಅವಳು ಕೂಡಲೇ ಕೆಟ್ಟ ಫ್ಯಾನೊಂದನ್ನು ಎಳೆದುಕೊಂಡು ಅದರೊಳಗೆ ತಲೆ ಹುದುಗಿಸಿದಳು. ಅವನು ಕೌಂಟರಿನ ಆಚೆ ಬಂದು ನಿಂತ. ಫೈಲು ಇರಲಿಲ್ಲ. ಫೈಲಿಲ್ಲದ ಕೈಯನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ.

"ಹಕ್ಕು ವಾಪಸ್ ಕೊಟ್ಟ ಕಾಗದ ಬೇಕಿದ್ರೆ ಇಲ್ಲಿಲ್ಲ. ಅಂಚೆಯಲ್ಲಿ ಕಳಿಸಿಯಾಯ್ತು."

"ಗೊತ್ತು. ಮಂಗಳವಾರವೇ ಬಂತು. ಬಾಸ್ ನನ್ನ ಕೆಲಸ ಉಳಿಸಿದ್ರು. ಆಮೇಲೆ ನಾನೇ ಬಿಟ್ಟೆ. ನಿನ್ನೆ ಕೊನೇ ದಿನ."

ಅವಳು ತಲೆ ಎತ್ತಿದಳು. "ತಲೆ ನೆಟ್ಟಗಿದೆಯಾ ನಿಮಗೆ?"

"ಕದ್ದು ಬರೆಯೋ ಆ ತುಂಡಿನ ವಿಷಯ ಗೊತ್ತಾದ ಮೇಲೆ ಅಲ್ಲಿರೋಕೆ, ಮನಸ್ಸಾಗ್ಲಿಲ್ಲ."

"ಮತ್ತೆ ಇಲ್ಲಿಗ್ಯಾಕೆ ಬಂದ್ರಿ? ಸೋರ್ಸ್ ಕೊಟ್ಟಾಯ್ತು. ಕಾಗದ ಸಿಕ್ಕಾಯ್ತು. ಕೆಲಸವೂ ಬಿಟ್ಟಾಯ್ತು."

"ಏನೂ ಕೆಲಸ ಇಲ್ಲ," ಎಂದ ಅವನು. ಈ ಸಲ ಕಣ್ಣು ನೆಲಕ್ಕೆ ಓಡಲಿಲ್ಲ, ಅವಳ ಮುಖದ ಮೇಲೇ ನಿಂತಿತು. "ಮೂರು ವರ್ಷ ನಿಮಗೆ ಬರೆದೆ. ನೀವು ಯಾರು ಅಂತ ಗೊತ್ತಿಲ್ದೆ. ಗೊತ್ತಾದ ದಿನ ಬೈಸಿಕೊಂಡು ಹೋದೆ. ಅವತ್ತಿಂದ ನಿಮ್ಮನ್ನ ಬಿಟ್ಟು ಬೇರೇನೂ ತಲೇಲಿ ಇಲ್ಲ. ನನಗೆ ನೀವಂದ್ರೆ ಪ್ರೀತಿ. ಹೇಳಿ ಹೋಗೋಣ ಅಂತ ಬಂದೆ. ನಿಮಗೆ ಏನನ್ಸುತ್ತೋ, ಅದನ್ನೂ ಕೇಳಿಕೊಂಡು ಹೋಗೋಣ ಅಂತ."

ಅವಳು ಐದು ದಿನದಿಂದ ಕೂಡಿಟ್ಟಿದ್ದ ಬೈಗುಳಗಳಿಗಾಗಿ ತಡಕಾಡಿದಳು. ಒಂದೂ ಕೈಗೆ ಹತ್ತಲಿಲ್ಲ.

ಒಳಗೆ ಗಂಟೆಗಟ್ಟಲೆಯಿಂದ ಓದುತ್ತಿದ್ದ ಪೆಟ್ಟಿಗೆ ಥಟ್ಟನೆ ನಿಂತುಹೋಯಿತು. "ಅಪ್ಪ, ಮತ್ತೆ ಕೆಟ್ಟಿತಾ?"

"ಇಲ್ಲಮ್ಮ," ಎಂದರು ಅಪ್ಪ ಒಳಗಿನಿಂದ. "ನಾನೇ ಆಫ್ ಮಾಡಿದೆ. ನಿಮ್ಮ ಮಾತು ಇಲ್ಲಿಗೆ ಸರಿಯಾಗಿ ಕೇಳಿಸ್ತಿರಲಿಲ್ಲ. ನೀನು ಉತ್ತರ ಹೇಳು ಅವರಿಗೆ."

ಅವಳಿಗೆ ಇಬ್ಬರ ಮೇಲೂ ಕೆಂಡದಂಥ ಕೋಪ ಬಂತು. ಫ್ಯಾನನ್ನು ಪಕ್ಕಕ್ಕೆ ತಳ್ಳಿ ಎದ್ದು ನಿಂತು, ಮೂರನೇ ಮನೆಗೂ ಕೇಳಿಸುವ ಹಾಗೆ ಹೇಳಿದಳು:

"ಹೌದು, ಇಷ್ಟ ಕಣ್ರೀ ನಿಮ್ಮನ್ನ ಕಂಡ್ರೆ. ಏನೀಗ?"

ಏನೂ ಇಲ್ಲ ಎಂಬಂತೆ ಅವನು ತಲೆಯಾಡಿಸಿದ. ಆಮೇಲೆ ಕೌಂಟರಿನ ಪಕ್ಕದ ಮಡಚುವ ಹಲಗೆಯನ್ನು ಎತ್ತಿ, ಗಿರಾಕಿಗಳು ಯಾರೂ ಕಾಲಿಡದ ಆ ಈಚೆ ಬದಿಗೆ ಬಂದು ಅವಳ ಪಕ್ಕ ನಿಂತ.